ಲಿಬರಲ್ ಆರ್ಟ್ಸ್ ಕಾಲೇಜುಗಳು ಉಳ್ಳವರ ಮಕ್ಕಳಿಗೆ ಮಾತ್ರವೇ?

2025ರ ಜುಲೈ 4ರಂದು ಅಮೆರಿಕದಲ್ಲಿ ಅಧ್ಯಕ್ಷರ ಸಹಿ ಬಿದ್ದ ತೆರಿಗೆ ಕಾಯ್ದೆ ಸಿರಿವಂತ ಖಾಸಗಿ ವಿಶ್ವವಿದ್ಯಾಲಯಗಳಿಗೆ ಬಿಸಿ ಮುಟ್ಟಿಸಿತು. ಅವುಗಳ ಹೂಡಿಕೆ ಆದಾಯದ ಮೇಲೆ ಅದುವರೆಗೆ ಶೇ 1.4ರಷ್ಟಿದ್ದ ತೆರಿಗೆ ಗರಿಷ್ಠ ಶೇ 8ಕ್ಕೆ ಏರಿತು. ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲೂ ಇತ್ತು: ಬೋಧನಾ ಶುಲ್ಕ ಕಟ್ಟುವ ವಿದ್ಯಾರ್ಥಿಗಳು 3,000ಕ್ಕಿಂತ ಕಡಿಮೆ ಇದ್ದರೆ ಈ ತೆರಿಗೆ ಇಲ್ಲ. ಹಾಗಾಗಿ ವಿಲಿಯಮ್ಸ್, ಆಮ್ಹರ್ಸ್ಟ್, ಸ್ವಾರ್ಥ್‌ಮೋರ್, ಪೊಮೊನಾ ಎಂಬ ಪುಟ್ಟ ಲಿಬರಲ್ ಆರ್ಟ್ಸ್ ಕಾಲೇಜುಗಳು ಹೆಚ್ಚಿನ ತೆರಿಗೆಯಿಂದ ಪಾರಾದವು. ಅಷ್ಟೇ ಅಲ್ಲ, ಮೊದಲು ಕಟ್ಟುತ್ತಿದ್ದ ಶೇ 1.4ರ ಹೊರೆಯನ್ನೂ ಕಳೆದುಕೊಂಡವು.

ಹಾರ್ವರ್ಡ್, ಯೇಲ್ ಹೆಸರು ಎಲ್ಲರ ಬಾಯಲ್ಲಿದೆ. ವಿಲಿಯಮ್ಸ್ ಅಂದರೆ ಅಮೆರಿಕದವರೇ ಎಷ್ಟೋ ಮಂದಿ ‘ಅದೆಲ್ಲಿದೆ’ ಎಂದು ಕೇಳುತ್ತಾರೆ. ಆದರೂ ಈ ಕಾಲೇಜುಗಳಿಗೆ ಅಂಟಿಕೊಂಡಿರುವ ಮಾತು ಒಂದೇ: ಉಳ್ಳವರ ಮಕ್ಕಳು ಓದುವ ಜಾಗ.

ಈ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಒಳಗೆ ಏನನ್ನು, ಹೇಗೆ ಕಲಿಸುತ್ತಾರೆ ಎಂಬುದು ಒಂದು. ಬಾಗಿಲಲ್ಲಿ ಯಾರನ್ನು ಒಳಗೆ ಬಿಡುತ್ತಾರೆ ಎಂಬುದು ಇನ್ನೊಂದು. ಆರೋಪದಲ್ಲಿ ಹುರುಳಿರುವುದು ಬಹುಪಾಲು ಬಾಗಿಲಿನ ವಿಷಯದಲ್ಲಿ. ಅದನ್ನು ಕಾಲೇಜು ಕಾಲೇಜಿಗೂ ಅಳೆದು ನೋಡಬಹುದು.

ಹೆಸರಿನಿಂದಲೇ ಶುರುವಾಗುವ ಗೊಂದಲ

‘ಆರ್ಟ್ಸ್’ ಎಂದೊಡನೆ ವಿಜ್ಞಾನ ಬಿಟ್ಟು ಉಳಿದದ್ದು ಎಂದು ಅನೇಕರು ತಿಳಿಯುತ್ತಾರೆ. ‘ಲಿಬರಲ್’ ಎಂದೊಡನೆ ರಾಜಕೀಯದ ಎಡ-ಬಲ ನೆನಪಾಗುತ್ತದೆ. ಎರಡೂ ಇಲ್ಲಿ ಸಲ್ಲ. ಮೂಲ ಲ್ಯಾಟಿನ್ ಮಾತು ‘ಆರ್ಟೆಸ್ ಲಿಬೆರಾಲೆಸ್’, ಅಂದರೆ ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆಗಳು. ಮಧ್ಯಯುಗದ ಯುರೋಪಿನಲ್ಲಿ ಅವು ಏಳಿದ್ದವು: ವ್ಯಾಕರಣ, ತರ್ಕ, ವಾಗ್ಮಿತೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಏಳರಲ್ಲಿ ಎರಡು ನೇರ ಗಣಿತ, ಇನ್ನೊಂದು ಆಕಾಶದ ಲೆಕ್ಕ.

ಇಂದು ಲಿಬರಲ್ ಆರ್ಟ್ಸ್ ಕಾಲೇಜು ಎಂದರೆ ಬಹುತೇಕ ಪದವಿ ಮಟ್ಟದ ಓದಿಗೇ ಮೀಸಲಾದ, ಸಾಮಾನ್ಯವಾಗಿ ಒಂದರಿಂದ ಮೂರು ಸಾವಿರ ವಿದ್ಯಾರ್ಥಿಗಳು ಹಾಸ್ಟೆಲ್‌ನಲ್ಲೇ ಇದ್ದು ಓದುವ, ನಾಲ್ಕು ವರ್ಷದ ಕಾಲೇಜು. ಭೌತಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ, ಸಂಗೀತ ಎಲ್ಲ ಒಂದೇ ಸೂರಿನಡಿ. ಮೊದಲ ಒಂದೂವರೆ ಎರಡು ವರ್ಷ ಹಲವು ವಿಷಯ ಓದಿ, ಆಮೇಲೆ ಒಂದನ್ನು ಮುಖ್ಯವಾಗಿ ಆರಿಸಿಕೊಳ್ಳುತ್ತಾರೆ. ಸ್ವಾರ್ಥ್‌ಮೋರ್‌ನಲ್ಲಿ ಎಂಜಿನಿಯರಿಂಗ್ ಪದವಿಯೂ ಇದೆ. 1955ರಲ್ಲಿ ಶುರುವಾದ ಹಾರ್ವೆ ಮಡ್ ಕಾಲೇಜಿನಲ್ಲಿ ಗಣಿತ, ವಿಜ್ಞಾನ, ಎಂಜಿನಿಯರಿಂಗೇ ಪ್ರಧಾನ. ಅದೂ ಲಿಬರಲ್ ಆರ್ಟ್ಸ್ ಕಾಲೇಜೇ.

ವಿಶ್ವವಿದ್ಯಾಲಯಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸ ಪ್ರಾಧ್ಯಾಪಕರ ಕೆಲಸದಲ್ಲಿದೆ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಗಮನ ಪಿಎಚ್.ಡಿ. ವಿದ್ಯಾರ್ಥಿಗಳ ಮತ್ತು ಪ್ರಯೋಗಾಲಯದ ಮೇಲೆ. ಪದವಿ ಹುಡುಗರ ಉತ್ತರ ಪತ್ರಿಕೆ ತಿದ್ದುವುದು ಹೆಚ್ಚಾಗಿ ಸಂಶೋಧನಾ ವಿದ್ಯಾರ್ಥಿಗಳು. ಪುಟ್ಟ ಕಾಲೇಜಿನಲ್ಲಿ ಅಂಥ ಸಹಾಯಕರು ಇಲ್ಲವೇ ಇಲ್ಲ ಎನ್ನಬಹುದು. ಪಾಠ ಹೇಳುವವರೂ ತಿದ್ದುವವರೂ ಶಿಫಾರಸು ಪತ್ರ ಬರೆಯುವವರೂ ಒಬ್ಬರೇ.

ಇಬ್ಬರು ವಿದ್ಯಾರ್ಥಿ, ಒಬ್ಬ ಮೇಷ್ಟ್ರು

ಈ ವ್ಯವಸ್ಥೆ ಯಾಕಿಷ್ಟು ದುಬಾರಿ ಎಂದು ತಿಳಿಯಲು ವಿಲಿಯಮ್ಸ್ ಕಾಲೇಜಿನ ‘ಟ್ಯುಟೋರಿಯಲ್’ ಪದ್ಧತಿಯನ್ನು ಹತ್ತಿರದಿಂದ ನೋಡಬೇಕು. ಆಕ್ಸ್‌ಫರ್ಡ್ ಮಾದರಿಯ ಈ ಪದ್ಧತಿ ಅಲ್ಲಿ 1988ರಲ್ಲಿ ಶುರುವಾಯಿತು. ಒಂದು ಕೋರ್ಸಿಗೆ ಸಾಮಾನ್ಯವಾಗಿ ಹತ್ತು ವಿದ್ಯಾರ್ಥಿಗಳು, ಅಂದರೆ ಐದು ಜೋಡಿ. ಪ್ರತಿ ಜೋಡಿ ವಾರಕ್ಕೊಮ್ಮೆ ಪ್ರಾಧ್ಯಾಪಕರ ಎದುರು ಕೂರುತ್ತದೆ. ಒಬ್ಬರು ಐದರಿಂದ ಏಳು ಪುಟದ ಪ್ರಬಂಧ ಬರೆದು ತರುತ್ತಾರೆ. ಇನ್ನೊಬ್ಬರು ಅದನ್ನು ಮೊದಲೇ ಓದಿಕೊಂಡು ಬಂದು ವಾದ ಎಲ್ಲಿ ಸಡಿಲವಾಗಿದೆ, ಯಾವ ಪುರಾವೆ ಸಾಲದು ಎಂದು ಹೇಳುತ್ತಾರೆ. ಮುಂದಿನ ವಾರ ಪಾತ್ರ ಅದಲುಬದಲು. ಪ್ರಾಧ್ಯಾಪಕರು ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ, ಚರ್ಚೆ ದಾರಿ ತಪ್ಪಿದಾಗ ಒಂದು ಪ್ರಶ್ನೆ ಹಾಕುತ್ತಾರೆ. ಹಿಂದಿನ ಬೆಂಚು ಎಂಬುದೇ ಇಲ್ಲದ ತರಗತಿ ಇದು. ಓದದೆ ಬಂದವರು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ.

ಈಗ ಖರ್ಚು. ಪ್ರತಿ ಜೋಡಿಗೆ ಒಂದು ಗಂಟೆ ಎಂದುಕೊಂಡರೂ ವಾರಕ್ಕೆ ಐದು ಗಂಟೆ, ಹತ್ತು ಮಂದಿಗೆ. ಮುನ್ನೂರು ಜನರ ಸಭಾಂಗಣದಲ್ಲಿ ವಾರಕ್ಕೆ ಮೂರು ಗಂಟೆ ಉಪನ್ಯಾಸ ಕೊಟ್ಟರೆ ಅದೇ ಸಂಬಳದಲ್ಲಿ ಮುನ್ನೂರು ಮಂದಿಗೆ ಪಾಠವಾಗುತ್ತದೆ. ಯಂತ್ರ ತಂದರೆ ಕಾರ್ಖಾನೆಯಲ್ಲಿ ಕೆಲಸ ಬೇಗ ಮುಗಿದೀತು. ಏಳು ಪುಟದ ಪ್ರಬಂಧದ ಬಗ್ಗೆ ಮಾತಾಡಲು ನೂರು ವರ್ಷದ ಹಿಂದೆ ಒಂದು ಗಂಟೆ ಬೇಕಿತ್ತು, ಇವತ್ತೂ ಒಂದು ಗಂಟೆಯೇ ಬೇಕು. ಆ ಗಂಟೆಯ ಸಂಬಳ ಮಾತ್ರ ಏರುತ್ತಲೇ ಇದೆ.

ಎಲ್ಲ ಕಾಲೇಜಿನಲ್ಲೂ ಇದೇ ಪದ್ಧತಿ ಇಲ್ಲ. ಸ್ವಾರ್ಥ್‌ಮೋರ್‌ನಲ್ಲಿ 1922ರಿಂದ ಆನರ್ಸ್ ವ್ಯವಸ್ಥೆ ಇದೆ. ಕೊನೆಯ ವರ್ಷ ಬೇರೆ ಸಂಸ್ಥೆಗಳ ವಿದ್ವಾಂಸರು ಬಂದು ಲಿಖಿತ, ಮೌಖಿಕ ಪರೀಕ್ಷೆ ಮಾಡುತ್ತಾರೆ. ತಮ್ಮ ಮೇಷ್ಟ್ರೇ ಅಂಕ ಕೊಡುವಂತಿಲ್ಲ.

ಇಷ್ಟರಲ್ಲಿ ಸಿರಿವಂತಿಕೆಯ ಸೊಕ್ಕು ಎನ್ನುವಂಥದ್ದು ಏನೂ ಇಲ್ಲ. ಒಳ್ಳೆಯ ಪಾಠ, ಅಷ್ಟೇ. ತೊಡಕು ಇರುವುದು ಅದು ಎಷ್ಟು ಮಂದಿಗೆ, ಯಾರಿಗೆ ಸಿಗುತ್ತದೆ ಎಂಬಲ್ಲಿ.

ಬಡ ಹುಡುಗರಿಗಾಗಿ ತೆರೆದ ಬಾಗಿಲು

ಆಮ್ಹರ್ಸ್ಟ್ ಕಾಲೇಜು 1821ರಲ್ಲಿ ಹುಟ್ಟಿದ್ದು ದೈವಭಕ್ತ ಬಡ ಯುವಕರಿಗೆ ವಿದ್ಯೆ ಕೊಟ್ಟು ಪಾದ್ರಿಗಳನ್ನಾಗಿ ಮಾಡಲೆಂದು. ಅದಕ್ಕಾಗಿ ಊರವರು ಚಂದಾ ಎತ್ತಿ ಧರ್ಮನಿಧಿ ಕೂಡಿಸಿದರು. ಅಮೆರಿಕದ ಇಂಥ ಬಹಳಷ್ಟು ಕಾಲೇಜುಗಳನ್ನು ಕಟ್ಟಿದ್ದು ಸಣ್ಣ ಊರುಗಳ ಚರ್ಚ್‌ಗಳೇ. ಒಹಾಯೊದ ಓಬರ್ಲಿನ್ 1833ರಲ್ಲಿ ಶುರುವಾಗಿ, 1835ರಲ್ಲಿ ಕಪ್ಪು ಜನರಿಗೆ ಪ್ರವೇಶ ಕೊಡಲು ತೀರ್ಮಾನಿಸಿತು. 1837ರಲ್ಲಿ ಹೆಣ್ಣುಮಕ್ಕಳನ್ನು ಪದವಿ ತರಗತಿಗೆ ಸೇರಿಸಿಕೊಂಡಿತು. ಕೆಂಟಕಿಯ ಬೆರಿಯಾ ಕಾಲೇಜು 1892ರಿಂದ ಇಂದಿನವರೆಗೆ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ಬದಲಿಗೆ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬೇಕು.

ತೆರಿಗೆ ಕಾಯ್ದೆಯಲ್ಲಿ ‘ಬೋಧನಾ ಶುಲ್ಕ ಕಟ್ಟುವ’ ಎಂಬ ವಿಶೇಷಣ ಸೇರಿದ್ದೇ ಬೆರಿಯಾದಿಂದ. 2017ರ ಕಾಯ್ದೆಯಲ್ಲಿ ಬರಿ ‘ವಿದ್ಯಾರ್ಥಿಗಳು’ ಎಂದಿತ್ತು. ಬಡವರಿಗೆ ಉಚಿತವಾಗಿ ಕಲಿಸುವ ಕಾಲೇಜೂ ಸಿರಿವಂತ ಕಾಲೇಜುಗಳ ಸಾಲಿಗೆ ಸೇರಿ ತೆರಿಗೆ ಕಟ್ಟಬೇಕಾಗುತ್ತದೆ ಎಂದು ಗೊತ್ತಾದ ಮೇಲೆ, 2018ರ ಫೆಬ್ರುವರಿಯಲ್ಲಿ ಆ ಮಾತು ಸೇರಿಸಿದರು.

ಹಾಗಾದರೆ ಮೇಲ್ವರ್ಗದ ಮುದ್ರೆ ಬಿದ್ದದ್ದು ಯಾವಾಗ? 1862ರ ಮೊರಿಲ್ ಕಾಯ್ದೆಯಿಂದ ಸರ್ಕಾರಿ ಜಮೀನಿನ ಹಣದಲ್ಲಿ ಕೃಷಿ, ಯಂತ್ರವಿದ್ಯೆ ಕಲಿಸುವ ರಾಜ್ಯ ವಿಶ್ವವಿದ್ಯಾಲಯಗಳು ಬೆಳೆದವು. 1876ರಲ್ಲಿ ಜಾನ್ಸ್ ಹಾಪ್ಕಿನ್ಸ್ ಜರ್ಮನ್ ಮಾದರಿಯ ಸಂಶೋಧನಾ ವಿಶ್ವವಿದ್ಯಾಲಯಕ್ಕೆ ದಾರಿ ತೋರಿತು. ಜನಸಾಮಾನ್ಯರ ಮಕ್ಕಳು ಹೆಚ್ಚೆಚ್ಚಾಗಿ ಅತ್ತ ಹೋದರು. ಸಂಬಳದ ಕೆಲಸಕ್ಕೆ ನೇರವಾಗಿ ಒದಗದ ಓದನ್ನು ನಾಲ್ಕು ವರ್ಷ ಓದಲು ಶಕ್ತರಾದ ಮನೆಯವರು ಪುಟ್ಟ ಕಾಲೇಜುಗಳಲ್ಲಿ ಉಳಿದರು. ಪೂರ್ವ ಕರಾವಳಿಯ ಹಳೆಯ ಗಂಡುಮಕ್ಕಳ ಕಾಲೇಜುಗಳು ಖಾಸಗಿ ವಸತಿ ಶಾಲೆಗಳ ಮುಂದಿನ ಮೆಟ್ಟಿಲಾದವು. ಹೆಣ್ಣುಮಕ್ಕಳಿಗೆ ಅಲ್ಲಿ ಬಾಗಿಲು ಮುಚ್ಚಿದ್ದರಿಂದ ವಾಸರ್, ವೆಲ್ಸ್‌ಲಿ, ಸ್ಮಿತ್ ಮುಂತಾದವು ಬೇರೆಯಾಗಿ ಹುಟ್ಟಿದವು. ಆಮ್ಹರ್ಸ್ಟ್‌ಗೆ ಹುಡುಗಿಯರು ಕಾಲಿಟ್ಟದ್ದು 1970ರ ದಶಕದ ನಡುವೆ.

ಹೆಸರು ಬೆಳೆಯುವ ಬಗೆ

ಯು.ಎಸ್. ನ್ಯೂಸ್ ಪತ್ರಿಕೆ 1983ರಿಂದ ಕಾಲೇಜುಗಳ ಶ್ರೇಣಿ ಪಟ್ಟಿ ಮಾಡುತ್ತಿದೆ. ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ ಅದರಲ್ಲಿ ಬೇರೆಯದೇ ಪಟ್ಟಿ. ಒಟ್ಟು ಅಂಕದ ಶೇ 20ರಷ್ಟು ಬರುವುದು ಒಂದು ಅಭಿಪ್ರಾಯ ಸಂಗ್ರಹದಿಂದ: ಒಂದು ಕಾಲೇಜಿನ ಅಧ್ಯಕ್ಷರು, ಡೀನ್‌ಗಳು ಇತರ ಕಾಲೇಜುಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ನೂರಾರು ಕಾಲೇಜುಗಳನ್ನು ಕಣ್ಣಾರೆ ಕಂಡು ತೂಗುವುದು ಯಾರಿಗೂ ಆಗದ ಕೆಲಸ. ಹಾಗಾಗಿ ಹಳೆಯ ಹೆಸರಿಗೆ ಹೊಸ ಅಂಕ, ಹೊಸ ಅಂಕದಿಂದ ಮತ್ತಷ್ಟು ಹೆಸರು. ಇದನ್ನು ಒಪ್ಪದ ರೀಡ್ ಕಾಲೇಜು 1995ರಲ್ಲಿ ಮಾಹಿತಿ ಕೊಡುವುದನ್ನೇ ನಿಲ್ಲಿಸಿತು. ಕೊಲರಾಡೊ ಕಾಲೇಜು 2023ರಲ್ಲಿ ಹೊರಬಂತು. ಆದರೂ ಪಟ್ಟಿಯವರು ಬೇರೆಡೆ ಸಿಗುವ ಅಂಕಿಗಳಿಂದ ಅಂಥ ಕಾಲೇಜುಗಳಿಗೂ ಸ್ಥಾನ ಕೊಡುತ್ತಾರೆ.

ಬೆಲೆಯೇ ಹೆಸರು ತಂದ ಉದಾಹರಣೆಯೂ ಇದೆ. ಪೆನ್ಸಿಲ್ವೇನಿಯಾದ ಅರ್ಸೈನಸ್ ಕಾಲೇಜು 2000ದಲ್ಲಿ ತನ್ನ ಶುಲ್ಕವನ್ನು ಶೇ 17.6ರಷ್ಟು ಏರಿಸಿ 23,460 ಡಾಲರ್ ಮಾಡಿತು. ಅರ್ಜಿಗಳು ಕಡಿಮೆಯಾಗಲಿಲ್ಲ, ಸುಮಾರು 200 ಹೆಚ್ಚಿಗೆ ಬಂದವು. ಫೀಸು ಕಡಿಮೆ ಇದ್ದಾಗ ‘ಇದು ಎರಡನೇ ದರ್ಜೆಯದಿರಬೇಕು’ ಎಂದು ಜನ ತಿಳಿಯುತ್ತಿದ್ದರು ಎಂಬುದು ಕಾಲೇಜಿಗೆ ಅರ್ಥವಾಗಿತ್ತು. ಫೀಸಿನ ಜೊತೆ ವಿದ್ಯಾರ್ಥಿವೇತನವನ್ನೂ ಏರಿಸಿದ್ದರಿಂದ ಅನೇಕರ ಕೈಯಿಂದ ಹೋಗುವ ಹಣ ಅಷ್ಟೇನೂ ಬದಲಾಗಲಿಲ್ಲ.

ಇನ್ನು ‘ನೂರಕ್ಕೆ ಹತ್ತೇ ಮಂದಿಗೆ ಸೀಟು’ ಎಂಬ ಹೆಗ್ಗಳಿಕೆ. ಈ ಅಂಕಿ ಹೇಗೆ ಇಳಿಯುತ್ತದೆ ನೋಡಿ. ಒಂದು ಕಾಲೇಜಿನಲ್ಲಿ 500 ಸೀಟು, 10,000 ಅರ್ಜಿ ಎಂದುಕೊಳ್ಳೋಣ. ಸೀಟು ಸಿಕ್ಕವರಲ್ಲಿ ಮೂವರಿಗೊಬ್ಬರು ಮಾತ್ರ ಬಂದು ಸೇರುತ್ತಾರೆ, ಉಳಿದವರು ಬೇರೆಡೆ ಹೋಗುತ್ತಾರೆ. 500 ಸೀಟು ತುಂಬಲು 1,500 ಮಂದಿಗೆ ಪ್ರವೇಶ ಪತ್ರ ಕಳಿಸಬೇಕು. ಪ್ರವೇಶ ದರ ಶೇ 15. ಈಗ ಕಾಲೇಜು ‘ಅರ್ಲಿ ಡಿಸಿಷನ್’ ತರುತ್ತದೆ. ನವೆಂಬರ್‌ನಲ್ಲೇ ಅರ್ಜಿ ಹಾಕಿ, ಸಿಕ್ಕರೆ ಖಂಡಿತ ಸೇರುತ್ತೇನೆ ಎಂದು ಬರೆದುಕೊಡುವ ದಾರಿ ಅದು. ಅರ್ಧ ಸೀಟು, ಅಂದರೆ 250, ಹೀಗೆ ತುಂಬಿದರೆ ಅದಕ್ಕೆ 250 ಪತ್ರ ಸಾಕು. ಉಳಿದ 250ಕ್ಕೆ 750 ಪತ್ರ. ಒಟ್ಟು 1,000. ಪ್ರವೇಶ ದರ ಶೇ 10ಕ್ಕೆ ಇಳಿಯಿತು. ಮೇಷ್ಟ್ರು ಅವರೇ, ಅರ್ಜಿಗಳು ಅಷ್ಟೇ, ಸೀಟೂ ಅಷ್ಟೇ. ಕಾಲೇಜು ಮಾತ್ರ ಮೊದಲಿಗಿಂತ ಬಿಗಿ ಎನಿಸಿಕೊಂಡಿತು.

ಪ್ರವೇಶ ದರವನ್ನು ಯು.ಎಸ್. ನ್ಯೂಸ್ 2018ರಲ್ಲೇ ತನ್ನ ಲೆಕ್ಕದಿಂದ ತೆಗೆದುಹಾಕಿತು. ಜನರ ಲೆಕ್ಕದಿಂದ ಅದು ಇನ್ನೂ ಹೋಗಿಲ್ಲ.

ಬಾಗಿಲಲ್ಲಿ ನಡೆಯುವುದು

ರಾಜ್ ಚೆಟ್ಟಿ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು ತೆರಿಗೆ ದಾಖಲೆಗಳನ್ನು ಕಾಲೇಜು ದಾಖಲೆಗಳೊಂದಿಗೆ ಹೊಂದಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಕಂಡದ್ದು: ಆದಾಯದಲ್ಲಿ ಮೇಲಿನ ಶೇ 1ರ ಮನೆಗಳಿಂದ ಬಂದವರು, ಕೆಳಗಿನ ಶೇ 60ರ ಮನೆಗಳಿಂದ ಬಂದವರಿಗಿಂತ ಹೆಚ್ಚು ಇದ್ದ ಕಾಲೇಜುಗಳು 38. ಹಾರ್ವರ್ಡ್, ಯೇಲ್ ಸೇರಿದಂತೆ ಎಂಟು ಹಳೆಯ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗಿನ ಐದು ಅದರಲ್ಲಿದ್ದವು. ಲಿಬರಲ್ ಆರ್ಟ್ಸ್ ಕಾಲೇಜುಗಳು ಅದಕ್ಕಿಂತ ಎಷ್ಟೋ ಹೆಚ್ಚು. ಕನೆಕ್ಟಿಕಟ್‌ನ ಟ್ರಿನಿಟಿ ಕಾಲೇಜಿನಲ್ಲಿ ಮೇಲಿನವರು ಸುಮಾರು ಶೇ 26, ಕೆಳಗಿನವರು ಶೇ 14. ಕೊಲರಾಡೊ ಕಾಲೇಜಿನಲ್ಲಿ 24 ಮತ್ತು 10. ಮೇನ್ ರಾಜ್ಯದ ಕಾಲ್ಬಿಯಲ್ಲಿ 20 ಮತ್ತು 11. ಇವು 2013ರ ಆಸುಪಾಸಿನಲ್ಲಿ ಪದವಿ ಮುಗಿಸಿದ ತಂಡದ ಅಂಕಿಗಳು. ಇಂದಿನ ಸ್ಥಿತಿ ತಿಳಿಯಲು ಆಯಾ ಕಾಲೇಜಿನ ಹೊಸ ದಾಖಲೆಯನ್ನೇ ನೋಡಬೇಕು.

‘ದುಡ್ಡಿದ್ದವರಿಗೆ ಸೀಟು’ ಎಂಬ ನಿಯಮ ಎಲ್ಲೂ ಬರೆದಿಲ್ಲ. ಒಂದೊಂದಾಗಿ ನೋಡಿದರೆ ನಿರಪಾಯಕಾರಿ ಎನಿಸುವ ಮೂರು ನಾಲ್ಕು ಪದ್ಧತಿಗಳು ಕೂಡಿ ಈ ಫಲ ಕೊಡುತ್ತವೆ.

ಕ್ರೀಡೆಯನ್ನೇ ತೆಗೆದುಕೊಳ್ಳಿ. ಈ ಕಾಲೇಜುಗಳು ಬಹುತೇಕ ಕ್ರೀಡಾ ವಿದ್ಯಾರ್ಥಿವೇತನ ಇಲ್ಲದ ಮೂರನೇ ವಿಭಾಗದಲ್ಲಿ ಆಡುತ್ತವೆ. ಹಾಗಾಗಿ ಕ್ರೀಡೆಗೆ ಇಲ್ಲಿ ತೂಕವಿಲ್ಲ ಎಂದು ಹೊರಗಿನವರು ತಿಳಿಯುತ್ತಾರೆ. ನಿಜ ಅದಕ್ಕೆ ತಿರುಗುಮುರುಗು. ಅಮೆರಿಕನ್ ಫುಟ್ಬಾಲ್ ತಂಡಕ್ಕೆ ಎಪ್ಪತ್ತರ ಆಸುಪಾಸು ಹುಡುಗರು ಬೇಕು. 40,000 ವಿದ್ಯಾರ್ಥಿಗಳ ವಿಶ್ವವಿದ್ಯಾಲಯದಲ್ಲಿ ಅದು ಸಮುದ್ರದಲ್ಲಿ ಹನಿ, 2,000 ವಿದ್ಯಾರ್ಥಿಗಳ ಕಾಲೇಜಿನಲ್ಲಿ ಗಣನೀಯ ಪಾಲು. ಬೇರೆ ಬೇರೆ ಆಟಗಳ 30ರಷ್ಟು ತಂಡಗಳನ್ನು ಕಟ್ಟುವ ವಿಲಿಯಮ್ಸ್, ಆಮ್ಹರ್ಸ್ಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ವಿದ್ಯಾರ್ಥಿಗಳು ಕಾಲೇಜು ತಂಡದವರು. ಕೋಚ್‌ಗಳು ತಮಗೆ ಬೇಕಾದವರ ಹೆಸರನ್ನು ಪ್ರವೇಶ ವಿಭಾಗಕ್ಕೆ ಕೊಡುತ್ತಾರೆ. ಸ್ಕ್ವಾಷ್, ದೋಣಿ ಸ್ಪರ್ಧೆ, ಲಕ್ರಾಸ್, ಹಾಯಿದೋಣಿಯಂಥ ಆಟಗಳನ್ನು ಎಳವೆಯಿಂದ ಕಲಿಯಲು ಕ್ಲಬ್ಬು, ತರಬೇತಿ, ಪ್ರಯಾಣಕ್ಕೆ ಹಣ ಬೇಕೇಬೇಕು.

ಎರಡನೆಯದು ‘ಲೆಗಸಿ’, ಅಂದರೆ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ. ಆಮ್ಹರ್ಸ್ಟ್‌ನಲ್ಲಿ ಇಂಥವರು ತರಗತಿಯ ಶೇ 11ರಷ್ಟಿದ್ದರು. 2021ರಲ್ಲಿ ಕಾಲೇಜು ಈ ಪದ್ಧತಿ ಕೈಬಿಟ್ಟಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಜನಾಂಗ ಆಧಾರಿತ ಪ್ರವೇಶವನ್ನು ರದ್ದು ಮಾಡಿದ ಮರುತಿಂಗಳು ವೆಸ್ಲಿಯನ್ ಕೂಡ ಕೈಬಿಟ್ಟಿತು. ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಿಗೂ ಅನ್ವಯಿಸುವಂತೆ ಕಾಯ್ದೆಯನ್ನೇ ತಂದಿತು.

ಮೂರನೆಯದು ಆಗಲೇ ಹೇಳಿದ ಅರ್ಲಿ ಡಿಸಿಷನ್. ಹಲವು ಕಾಲೇಜುಗಳು ಅರ್ಧಕ್ಕೂ ಹೆಚ್ಚು ಸೀಟನ್ನು ಹೀಗೇ ತುಂಬುತ್ತವೆ. ನಾಲ್ಕು ಕಾಲೇಜು ಎಷ್ಟೆಷ್ಟು ನೆರವು ಕೊಡುತ್ತವೆ ಎಂದು ತೂಗಿ ನೋಡಬೇಕಾದ ಮನೆಯವರು ಒಂದೇ ಕಾಲೇಜಿಗೆ ಮೊದಲೇ ಮಾತು ಕೊಡಲು ಹಿಂಜರಿಯುತ್ತಾರೆ. ಲೆಕ್ಕ ಹಾಕಬೇಕಿಲ್ಲದವರು ಕೊಡುತ್ತಾರೆ. ಕಾಲೇಜು ಕೊಡುವ ನೆರವು ನಿಜಕ್ಕೂ ಸಾಲದಿದ್ದರೆ ಈ ಒಪ್ಪಂದದಿಂದ ಹೊರಬರಲು ಅವಕಾಶ ಇದೆ. ಇದು ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತುವ ಮನೆಗಳಿಗೆ ಗೊತ್ತಿರುವುದೇ ಅಪರೂಪ.

ಬೋರ್ಡಿನ ಮೇಲಿನ ಬೆಲೆ, ಕೈಯಿಂದ ಹೋಗುವ ಹಣ

ಫೀಸು, ಊಟ, ಹಾಸ್ಟೆಲ್ ಎಲ್ಲ ಸೇರಿ ಹಲವು ಹೆಸರಾಂತ ಕಾಲೇಜುಗಳಲ್ಲಿ ವರ್ಷದ ವೆಚ್ಚ 90,000 ಡಾಲರ್ ದಾಟಿದೆ. ಇದು ವಿಮಾನದ ಟಿಕೆಟ್ ಇದ್ದಂತೆ: ಅಕ್ಕಪಕ್ಕ ಕೂತವರು ಕೊಟ್ಟ ಹಣ ಒಂದೇ ಇರುವುದಿಲ್ಲ. ಅಮೆರಿಕದ ಖಾಸಗಿ ಕಾಲೇಜುಗಳು 2023-24ರಲ್ಲಿ ಮೊದಲ ವರ್ಷದವರಿಗೆ ಬೋಧನಾ ಶುಲ್ಕದಲ್ಲಿ ಸರಾಸರಿ ಶೇ 56ರಷ್ಟನ್ನು ತಾವೇ ಬಿಟ್ಟುಕೊಟ್ಟವು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಂದು ಮನೆ ವರ್ಷಕ್ಕೆ 20,000 ಡಾಲರ್ ಕೊಡಬಲ್ಲದು ಎಂದು ಕಾಲೇಜು ಅಂದಾಜಿಸಿದೆ. ಮೊದಲ ಕಾಲೇಜಿನ ವೆಚ್ಚ 90,000. ಕೊರತೆ 70,000, ಅಷ್ಟನ್ನೂ ಅದು ಸಾಲವಿಲ್ಲದೆ ತುಂಬುತ್ತದೆ. ಎರಡನೆಯದರ ವೆಚ್ಚ 65,000. ಅದು ‘ಪ್ರತಿಭಾ ಪುರಸ್ಕಾರ’ ಎಂದು 25,000 ಕೊಡುತ್ತದೆ. ಚಂದದ ಪ್ರಮಾಣಪತ್ರವೂ ಬರುತ್ತದೆ, ಮನೆಯವರು ಹಿಗ್ಗುತ್ತಾರೆ. ಕಟ್ಟಬೇಕಾದ್ದು ಮಾತ್ರ 40,000. ದುಬಾರಿ ಎಂದು ಅರ್ಜಿಯನ್ನೇ ಹಾಕದ ಕಾಲೇಜು ಅರ್ಧ ಬೆಲೆಗೆ ಸಿಗುತ್ತಿತ್ತು.

ಮೊದಲ ಕಾಲೇಜಿಗೆ ಇದು ಸಾಧ್ಯವಾಗುವುದು ಎಂಡೋಮೆಂಟ್‌ನಿಂದ, ಅಂದರೆ ಇಡುಗಂಟಿನಿಂದ. ಬಿತ್ತನೆ ಬೀಜದಂತೆ ಅದನ್ನು ತಿಂದು ಮುಗಿಸುವಂತಿಲ್ಲ, ಬೆಳೆಯಲ್ಲಿ ಮಾತ್ರ ಪಾಲು. ವಿಲಿಯಮ್ಸ್‌ನ ಇಡುಗಂಟು 350 ಕೋಟಿ ಡಾಲರ್ ಆಸುಪಾಸು. ವರ್ಷಕ್ಕೆ ಶೇ 5ರಷ್ಟು ತೆಗೆದರೂ 17.5 ಕೋಟಿ. ಸುಮಾರು 2,100 ವಿದ್ಯಾರ್ಥಿಗಳಿಗೆ ಹಂಚಿದರೆ ತಲೆಗೆ 80,000 ಡಾಲರ್ ಮೀರುತ್ತದೆ. ಈ ಬಲದಿಂದಲೇ 2022ರಲ್ಲಿ ವಿಲಿಯಮ್ಸ್ ತನ್ನ ನೆರವಿನಿಂದ ಸಾಲವನ್ನೂ ಕಡ್ಡಾಯ ಕೆಲಸವನ್ನೂ ತೆಗೆದು ಪೂರ್ತಿ ಅನುದಾನ ಮಾಡಿತು. ಐಯೊವಾದ ಗ್ರಿನೆಲ್ ಕಾಲೇಜಿನ ಇಡುಗಂಟು ಬೆಳೆದ ಬಗೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಓದಿದ ರಾಬರ್ಟ್ ನಾಯ್ಸ್ ಇಂಟೆಲ್ ಕಟ್ಟಿದಾಗ ಅದರಲ್ಲಿ ಕಾಲೇಜಿನ ಪರವಾಗಿ 3 ಲಕ್ಷ ಡಾಲರ್ ಹೂಡಲಾಗಿತ್ತು.

ಎಡವುವ ಜಾಗ ಇಲ್ಲೂ ಇವೆ. ‘ಅಗತ್ಯದ ಶೇ 100 ತುಂಬುತ್ತೇವೆ’ ಎಂಬಲ್ಲಿ ಅಗತ್ಯ ಎಷ್ಟು ಎಂದು ನಿರ್ಧರಿಸುವುದು ಕಾಲೇಜೇ. ಅನೇಕ ಖಾಸಗಿ ಕಾಲೇಜುಗಳು ಕೇಳುವ ‘ಸಿಎಸ್ಎಸ್ ಪ್ರೊಫೈಲ್’ ಅರ್ಜಿಯಲ್ಲಿ ಸ್ವಂತ ಮನೆಯ ಮೌಲ್ಯ, ಬೇರೆಯಾಗಿರುವ ತಂದೆ ಅಥವಾ ತಾಯಿಯ ಆದಾಯವನ್ನೂ ತುಂಬಬೇಕು. ಕಾಲೇಜು ತುಂಬಿಕೊಡುವ ನೆರವಿನ ಮೊತ್ತದಲ್ಲಿ ಸಾಲವೂ ಸೇರಿರಬಹುದು. ಕೈಯಿಂದ ಎಷ್ಟು ಹೋಗುತ್ತದೆ ಎಂದು ಮುಂಚೆಯೇ ಅಂದಾಜಿಸಲು ‘ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್’ ಇದೆ. 2011ರ ಅಕ್ಟೋಬರ್‌ನಿಂದ, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಯೋಜನೆಗಳಲ್ಲಿರುವ ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ಇದನ್ನು ಇಡುವುದು ಕಾನೂನಿನ ಕಡ್ಡಾಯ. ಸ್ವಂತ ವ್ಯಾಪಾರ ಇರುವ, ತಂದೆತಾಯಿ ಬೇರೆಯಾಗಿರುವ ಮನೆಗಳಿಗೆ ಅದರ ಉತ್ತರ ಹೆಚ್ಚು ತಪ್ಪುತ್ತದೆ. ಅಂಥವರು ನೆರವಿನ ಕಚೇರಿಗೆ ಬರೆದು ಕೇಳುವುದೇ ಸರಿ.

ಮುಚ್ಚಿದ ಕಾಲೇಜುಗಳು

ಇಲ್ಲಿಯವರೆಗೆ ಹೇಳಿದ್ದು ಹೆಚ್ಚೆಂದರೆ ಐವತ್ತು ಅರವತ್ತು ಕಾಲೇಜುಗಳ ಕಥೆ. ಅದೇ ಹೆಸರಿನ ಇತರ ಕಾಲೇಜುಗಳ ಪಾಡು ಬೇರೆ. ಅರ್ಥಶಾಸ್ತ್ರಜ್ಞ ಡೇವಿಡ್ ಬ್ರೆನೆಮನ್ 1990ರಲ್ಲಿ ಎಣಿಸಿದಾಗ ಹೆಸರಿಗೆ ತಕ್ಕಂತೆ ನಡೆಯುತ್ತಿದ್ದ ಲಿಬರಲ್ ಆರ್ಟ್ಸ್ ಕಾಲೇಜುಗಳು 212. 2012ರಲ್ಲಿ ಬೇರೆ ಸಂಶೋಧಕರು ಅದೇ ಪಟ್ಟಿ ಹಿಡಿದು ಮತ್ತೆ ನೋಡಿದರು, ಉಳಿದದ್ದು 130. ಅನೇಕವು ನರ್ಸಿಂಗ್, ಬಿಸಿನೆಸ್ ಕೋರ್ಸುಗಳಿಗೆ ಹೊರಳಿದ್ದವು. ಕೆಲವು ಮುಚ್ಚಿಯೇ ಹೋದವು: ವರ್ಮಾಂಟ್‌ನ ಗ್ರೀನ್ ಮೌಂಟನ್ 2019ರಲ್ಲಿ, 1868ರ ವೆಲ್ಸ್ ಕಾಲೇಜು ಮತ್ತು 1856ರ ಬರ್ಮಿಂಗ್ಹ್ಯಾಮ್-ಸದರ್ನ್ ಎರಡೂ 2024ರಲ್ಲಿ. ವರ್ಜೀನಿಯಾದ ಸ್ವೀಟ್ ಬ್ರಯರ್ 2015ರಲ್ಲಿ ಮುಚ್ಚುತ್ತೇವೆಂದು ಘೋಷಿಸಿತ್ತು. ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ, ಕೋರ್ಟಿಗೆ ಹೋಗಿ ಉಳಿಸಿಕೊಂಡರು.

ಇಂಥ ಕಾಲೇಜುಗಳಲ್ಲಿ ಇಡುಗಂಟು ಸಣ್ಣದು, ಖರ್ಚಿನ ಬಹುಪಾಲು ಫೀಸಿನಿಂದಲೇ ಬರಬೇಕು. ನೂರು ವಿದ್ಯಾರ್ಥಿಗಳು ಕಡಿಮೆಯಾದರೆ ಮುಂದಿನ ವರ್ಷದ ಸಂಬಳಕ್ಕೇ ಕುತ್ತು. ಅಂಥ ಕಾಲೇಜನ್ನು ಪ್ರತಿಷ್ಠಿತರ ಕೋಟೆ ಎಂದು ಕರೆಯುವುದು ಅಲ್ಲಿ ದುಡಿಯುವವರಿಗೂ ಓದುವವರಿಗೂ ಅನ್ಯಾಯ.

ಓದು ಮುಗಿದ ಮೇಲೆ

ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೇಂದ್ರವೊಂದು 2020ರಲ್ಲಿ ಲಾಭ-ವೆಚ್ಚದ ಲೆಕ್ಕ ತೆಗೆಯಿತು. ಸೇರಿದ ಹತ್ತು ವರ್ಷಕ್ಕೆ ನೋಡಿದರೆ ಲಿಬರಲ್ ಆರ್ಟ್ಸ್ ಕಾಲೇಜಿನ ಮಧ್ಯಾಂಕ (ಮೀಡಿಯನ್) ಲಾಭ 62,000 ಡಾಲರ್. ಎಲ್ಲ ಕಾಲೇಜುಗಳದ್ದು 1,07,000. ನಲವತ್ತು ವರ್ಷಕ್ಕೆ ಇದು ತಲೆಕೆಳಗು: 9,18,000 ಎದುರು 7,23,000. ಇಲ್ಲಿ ಓದಿದವರಲ್ಲಿ ಅನೇಕರು ಮುಂದೆ ಕಾನೂನು, ವೈದ್ಯಕೀಯ, ಪಿಎಚ್.ಡಿ. ಎಂದು ಇನ್ನೂ ಓದುವುದರಿಂದ ಗಳಿಕೆ ತಡವಾಗುತ್ತದೆ. ತಲಾವಾರು ಲೆಕ್ಕದಲ್ಲಿ ಪಿಎಚ್.ಡಿ.ಗೆ ಹೆಚ್ಚು ಮಂದಿಯನ್ನು ಕಳಿಸುವವುಗಳಲ್ಲಿ ಹಾರ್ವೆ ಮಡ್, ಸ್ವಾರ್ಥ್‌ಮೋರ್, ರೀಡ್ ಮುಂದಿವೆ.

ಇದು ಕಾಲೇಜಿನ ಗುಣವೋ, ಅಲ್ಲಿಗೆ ಬಂದವರ ಮನೆಯ ಬಲವೋ? ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಇದನ್ನು ಬಿಡಿಸಿ ನೋಡಿದರು. ಒಂದೇ ಬಗೆಯ ಕಾಲೇಜುಗಳಲ್ಲಿ ಸೀಟು ಸಿಕ್ಕವರನ್ನು ಹೋಲಿಸಿದಾಗ, ಹೆಚ್ಚು ಬಿಗಿಯಾದ ಕಾಲೇಜಿಗೆ ಹೋದವರಿಗೂ ಹೋಗದವರಿಗೂ ಸರಾಸರಿ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಬಡ ಮನೆಯ ಮಕ್ಕಳಿಗೆ ಮಾತ್ರ ಅಂತರ ಸ್ಪಷ್ಟವಾಗಿತ್ತು. ಈ ಕಾಲೇಜುಗಳಿಂದ ಹೆಚ್ಚು ಲಾಭ ಯಾರಿಗೋ, ಒಳಗೆ ಅವರೇ ಕಡಿಮೆ. ಇಡೀ ವಿಷಯದಲ್ಲಿ ನೋವು ತರುವ ಅಂಶ ಇದು.

ಕಾಲೇಜನ್ನು ಅದರದೇ ಕಾಗದದಲ್ಲಿ ಓದುವುದು

ಬಹುತೇಕ ಕಾಲೇಜುಗಳು ಪ್ರತಿ ವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ಒಂದೇ ನಮೂನೆಯ ದಾಖಲೆ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನೊಂದಿಗೆ ಈ ಮಾತು ಸೇರಿಸಿ ಹುಡುಕಿದರೆ ಸಿಗುತ್ತದೆ. ಹತ್ತಾರು ಪುಟ ಇದ್ದರೂ ನೋಡಬೇಕಾದ ಜಾಗ ಕೆಲವೇ.

ಸಿ7 ಕೋಷ್ಟಕದಲ್ಲಿ ಪ್ರವೇಶಕ್ಕೆ ಯಾವುದಕ್ಕೆ ಎಷ್ಟು ತೂಕ ಎಂದು ನಾಲ್ಕು ಹಂತಗಳಲ್ಲಿ ಗುರುತು ಹಾಕಿರುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಂಬಂಧ ಎಂಬ ಸಾಲಿನಲ್ಲಿ ‘ಪರಿಗಣಿಸುತ್ತೇವೆ’ ಎಂದಿದೆಯೋ ‘ಇಲ್ಲ’ ಎಂದಿದೆಯೋ ನೋಡಿ. ಸಿ21ರಲ್ಲಿ ಅರ್ಲಿ ಡಿಸಿಷನ್ ಅರ್ಜಿಗಳು, ಸಿಕ್ಕ ಸೀಟುಗಳು ಇರುತ್ತವೆ. ಹೀಗೆ ಸಿಕ್ಕ ಸೀಟುಗಳ ಸಂಖ್ಯೆಯನ್ನು ಒಟ್ಟು ಸೇರಿದವರ ಸಂಖ್ಯೆಯಿಂದ ಭಾಗಿಸಿದರೆ, ಮಾಮೂಲಿ ಅರ್ಜಿದಾರರಿಗೆ ಎಷ್ಟು ಸೀಟು ಉಳಿಯುತ್ತದೆ ಎಂಬುದು ಬಯಲಾಗುತ್ತದೆ. ಎಚ್2ರಲ್ಲಿ ಅಗತ್ಯದ ಶೇಕಡಾ ಎಷ್ಟು ತುಂಬಿದ್ದಾರೆ ಎಂದಿರುತ್ತದೆ.

ಐ3ರಲ್ಲಿ ತರಗತಿಗಳ ಗಾತ್ರ ಕೊಟ್ಟಿರುತ್ತಾರೆ. ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಅದು ತರಗತಿಗಳ ಎಣಿಕೆ, ವಿದ್ಯಾರ್ಥಿಗಳದ್ದಲ್ಲ. ಹತ್ತು ಜನರ ಹತ್ತು ತರಗತಿ, ನೂರು ಜನರ ಒಂದು ತರಗತಿ ಇದ್ದರೆ ‘ಶೇ 91 ತರಗತಿಗಳು ಚಿಕ್ಕವು’ ಎಂದು ಹೇಳಬಹುದು. ಲೆಕ್ಕ ತಪ್ಪಲ್ಲ, ಆದರೆ ಅರ್ಧ ಹಾಜರಿ ಆ ನೂರು ಜನರ ಕೋಣೆಯಲ್ಲಿದೆ.

ಬಡವರ ಪಾಲು ಎಷ್ಟು ಎಂದು ತಿಳಿಯಲು ‘ಪೆಲ್ ಗ್ರಾಂಟ್’ ಪಡೆಯುವವರ ಶೇಕಡಾ ನೋಡುವುದು ರೂಢಿ. ಇದು ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರ ಕೊಡುವ, 2024-25ರಲ್ಲಿ ಗರಿಷ್ಠ 7,395 ಡಾಲರ್ ಇದ್ದ ನೆರವು. ಕಾಲೇಜುಗಳು ಈ ಒಂದು ಅಂಕಿಯ ಬೆನ್ನು ಹತ್ತಿದರೆ, ಆ ಗೆರೆಗಿಂತ ತುಸು ಮೇಲಿರುವ ಮಧ್ಯಮ ವರ್ಗದವರು ನಡುವೆ ಜಾರಿಹೋಗುತ್ತಾರೆ. ಹಾಗಾಗಿ ಇದೊಂದನ್ನೇ ನೆಚ್ಚಬಾರದು.

ಅಮೆರಿಕದ ಹೊರಗಿನಿಂದ ಅರ್ಜಿ ಹಾಕುವವರು ಮೊದಲು ತೆರೆಯಬೇಕಾದ್ದು ಎಚ್6. ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ, ಸರಾಸರಿ ಎಷ್ಟು ನೆರವು ಸಿಕ್ಕಿತು ಎಂಬುದು ಅಲ್ಲಿರುತ್ತದೆ. ಅಮೆರಿಕದವರ ಆರ್ಥಿಕ ಸ್ಥಿತಿ ನೋಡದೆ ಸೀಟು ಕೊಡುವ ಕಾಲೇಜೂ ವಿದೇಶಿಯರ ವಿಷಯದಲ್ಲಿ ‘ಇವರಿಗೆ ಎಷ್ಟು ನೆರವು ಬೇಕು’ ಎಂದು ನೋಡಿಯೇ ತೀರ್ಮಾನಿಸುವುದು ಸಾಮಾನ್ಯ. ಎಲ್ಲ ವಿದೇಶಿಯರಿಗೂ ಆ ನೋಟವಿಲ್ಲದೆ ಸೀಟು ಕೊಟ್ಟು, ಪೂರ್ತಿ ಅಗತ್ಯ ತುಂಬುವ ಕೆಲವೇ ಕಾಲೇಜುಗಳಲ್ಲಿ ಆಮ್ಹರ್ಸ್ಟ್ ಒಂದು, 2022ರಿಂದ ಬೌಡಿನ್ ಇನ್ನೊಂದು. ಉಳಿದ ಕಡೆ ನೆರವು ಬೇಕೆಂದು ಅರ್ಜಿಯಲ್ಲಿ ಗುರುತು ಹಾಕುವ ಮುನ್ನ ಒಂದು ವಿಷಯ ಕೇಳಿ ತಿಳಿದುಕೊಳ್ಳಬೇಕು: ಮೊದಲ ವರ್ಷ ಕೇಳದೆ ಸೇರಿದವರು ಎರಡನೇ ವರ್ಷದಿಂದ ಕೇಳಬಹುದೇ? ಅನೇಕ ಕಾಲೇಜುಗಳಲ್ಲಿ ಇದಕ್ಕೆ ಉತ್ತರ, ಇಲ್ಲ. ನಾಲ್ಕು ವರ್ಷದ ಹಣ ಹೊಂದಿಸುವ ದಾರಿ ಕಾಣದೆ ಸೇರಿದವರು ಎರಡನೇ ವರ್ಷಕ್ಕೇ ಕೈಚೆಲ್ಲಬೇಕಾಗುತ್ತದೆ.